ಮುಚ್ಚಿದ ಲ್ಯಾಪ್‌ಟಾಪನ್ನು ಎಬ್ಬಿಸುವ ಹಕ್ಕು ಯಾರದು?

ಲ್ಯಾಪ್‌ಟಾಪಿನ ಮುಚ್ಚಳ ಹಾಕುವುದೆಂದರೆ ಅಪ್ಪಣೆ ಕೊಟ್ಟಂತೆ. ‘ಇವತ್ತಿಗೆ ಸಾಕು, ಮಲಗು’ ಎಂದು ಯಂತ್ರದ ಒಡೆಯ ಹೇಳುವ ಮಾತು ಅದು. ಆದರೆ ಎಷ್ಟೋ ಯಂತ್ರಗಳು ಆ ಮಾತು ಮೀರಿ ಚೀಲದೊಳಗೇ ಎದ್ದು ಕೂರುತ್ತವೆ. ಫ್ಯಾನ್ ತಿರುಗುತ್ತದೆ, ಚೀಲ ಬಿಸಿಯಾಗುತ್ತದೆ, ಪುಣೆಯಲ್ಲಿ ರಾತ್ರಿ ಬಸ್ ಹತ್ತುವಾಗ ಮುಕ್ಕಾಲು ತುಂಬಿದ್ದ ಬ್ಯಾಟರಿ ಹುಬ್ಬಳ್ಳಿಯಲ್ಲಿ ಇಳಿಯುವ ಹೊತ್ತಿಗೆ ಖಾಲಿ. ಹೆಚ್ಚಿನವರು ಆಗ ಬೈಯುವುದು ಬ್ಯಾಟರಿಯನ್ನು. ಸ್ವಲ್ಪ ತಿಳಿದವರು ಆಪರೇಟಿಂಗ್ ಸಿಸ್ಟಮ್ಮನ್ನು ಬೈಯುತ್ತಾರೆ. ಇನ್ನೂ ಸ್ವಲ್ಪ ತಿಳಿದವರು, ‘ಚೀಲಕ್ಕೆ ಹಾಕುವ ಮುಂಚೆ ಪೂರ್ತಿ ಶಟ್‌ಡೌನ್ ಮಾಡಬೇಕಪ್ಪಾ, ಅಷ್ಟೂ ಗೊತ್ತಿಲ್ವಾ’ ಎಂದು ಬಳಸುವವರಿಗೇ ಬುದ್ಧಿ ಹೇಳುತ್ತಾರೆ.

ಮೂರೂ ಬೈಗುಳ ತಪ್ಪು ವಿಳಾಸಕ್ಕೆ ಹೋಗುತ್ತಿವೆ. ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಮಲಗಿದ ಯಂತ್ರವನ್ನು ಎಬ್ಬಿಸುವ ಹಕ್ಕು ಯಾರ ಕೈಯಲ್ಲಿದೆ? ಲಿನಕ್ಸ್ ಕರ್ನೆಲ್ ಬರೆಯುವವರು ಈ ಪ್ರಶ್ನೆಗೆ ವರ್ಷಗಟ್ಟಲೆ ತಲೆ ಕೆಡಿಸಿಕೊಂಡು, ಜಗಳವಾಡಿ, ಕೊನೆಗೆ ಸಾಕಷ್ಟು ಸರಿಯಾದ ಉತ್ತರವನ್ನೇ ಕಂಡುಕೊಂಡರು. ಯಂತ್ರ ಮಾರುವವರು ಆ ಉತ್ತರವನ್ನು ಬದಿಗೆ ತಳ್ಳಿದರು. ಕೊಂಡವರನ್ನು ಒಂದು ಮಾತೂ ಕೇಳಲಿಲ್ಲ.

ಇದು ಅರ್ಥವಾಗಬೇಕಾದರೆ ಇಂಟರಪ್ಟ್ ಎಂದರೇನು ಎಂಬಲ್ಲಿಂದ ಶುರು ಮಾಡಬೇಕು. ಅದು ಪ್ರೊಸೆಸರಿನ ಮನೆಯ ಕಾಲಿಂಗ್ ಬೆಲ್. ಕೀಲಿ ಒತ್ತಿದಾಗ ಕೀಬೋರ್ಡು, ಡೇಟಾ ಬಂದಾಗ ನೆಟ್‌ವರ್ಕ್ ಕಾರ್ಡು, ಹೊತ್ತು ಮುಗಿದಾಗ ಟೈಮರು ಬೆಲ್ ಒತ್ತುತ್ತವೆ. ಪ್ರೊಸೆಸರ್ ಕೈಯಲ್ಲಿದ್ದ ಕೆಲಸ ಬಿಟ್ಟು, ಆ ಸಾಧನದ ಡ್ರೈವರಿನಲ್ಲಿ ಬರೆದಿಟ್ಟ ಹ್ಯಾಂಡ್ಲರನ್ನು ಓಡಿಸಿ, ಮತ್ತೆ ತನ್ನ ಕೆಲಸಕ್ಕೆ ಮರಳುತ್ತದೆ. ಎಚ್ಚರವಿರುವ ಯಂತ್ರದಲ್ಲಿ ಇದು ಸೆಕೆಂಡಿಗೆ ನೂರಾರು ಸಲ ನಡೆಯುವ ಮಾಮೂಲು ವ್ಯವಹಾರ. ತೊಡಕು ಬರುವುದು ಮನೆಯವರು ಮಲಗಲು ಹೊರಟಾಗ.

ಏಕೆಂದರೆ ಮಲಗುವುದು ಒಂದು ಕ್ಷಣದ ಕೆಲಸವಲ್ಲ. ಸಸ್ಪೆಂಡ್ ಶುರುವಾದಾಗ ಕರ್ನೆಲ್ ಮೊದಲು ಎಲ್ಲ ಪ್ರೋಗ್ರಾಮುಗಳನ್ನು ಇದ್ದಲ್ಲೇ ನಿಲ್ಲಿಸುತ್ತದೆ. ಆಮೇಲೆ ಒಂದೊಂದೇ ಡ್ರೈವರನ್ನು ಕರೆದು ‘ನಿನ್ನ ಸಾಧನವನ್ನು ಮಲಗಿಸು’ ಎನ್ನುತ್ತದೆ. ಡಿಸ್ಕು, ಪರದೆ, ಯುಎಸ್‌ಬಿ, ವೈಫೈ ಎಲ್ಲವೂ ಒಂದಾದ ಮೇಲೆ ಒಂದು ಕಣ್ಣು ಮುಚ್ಚಬೇಕು. ಅರ್ಧ ಮನೆ ಮಲಗಿದೆ, ಅರ್ಧ ಇನ್ನೂ ಎದ್ದಿದೆ ಎನ್ನುವ ಹೊತ್ತಿನಲ್ಲಿ ಬೆಲ್ ಆದರೆ? ಹಳೆಯ ಪಿಸಿಐ ಯಂತ್ರಗಳಲ್ಲಿ ಎರಡು ಮೂರು ಸಾಧನಗಳು ಒಂದೇ ಇಂಟರಪ್ಟ್ ಲೈನನ್ನು ಹಂಚಿಕೊಳ್ಳುತ್ತಿದ್ದವು, ವಠಾರದ ಎರಡು ಮನೆಗೆ ಒಂದೇ ಬೆಲ್ ಇದ್ದ ಹಾಗೆ. ಬೆಲ್ ಆಯಿತೆಂದರೆ ಎರಡೂ ಮನೆಯವರು ಬಾಗಿಲಿಗೆ ಬರಬೇಕು. ಆಗಲೇ ಮಲಗಿರುವ ಸಾಧನದ ಹ್ಯಾಂಡ್ಲರೂ ಎದ್ದು ತನ್ನ ಸಾಧನದ ರಿಜಿಸ್ಟರ್ ಓದಲು ಹೋಗುತ್ತದೆ. ಅಲ್ಲಿ ಓದಿಗೆ ಸಿಗುವವರು ಯಾರೂ ಇಲ್ಲ. ಎಷ್ಟೋ ಸಲ ಬರುವ ಉತ್ತರ ಎಂದರೆ ಎಲ್ಲ ಬಿಟ್ಟುಗಳೂ 1. ಆ ಉತ್ತರವನ್ನು ನಂಬಿದ ಹ್ಯಾಂಡ್ಲರ್, ಆಗಬಹುದಾದ ಸಕಲ ಘಟನೆಗಳೂ ಒಟ್ಟಿಗೇ ಆಗಿಬಿಟ್ಟಿವೆ ಎಂದುಕೊಂಡು ಗಾಬರಿಯಾಗುತ್ತದೆ. ಯಂತ್ರ ಅಲ್ಲೇ ಹ್ಯಾಂಗ್. ಮಲಗಲು ಹೋದದ್ದು ಮತ್ತೆ ಏಳುವುದೇ ಇಲ್ಲ.

2009ರಲ್ಲಿ, ಕರ್ನೆಲಿನ 2.6.30ನೇ ಆವೃತ್ತಿಯಲ್ಲಿ, ಪವರ್ ಮ್ಯಾನೇಜ್‌ಮೆಂಟ್ ವಿಭಾಗದ ಉಸ್ತುವಾರಿ ಹೊತ್ತಿದ್ದ ರಾಫೆಲ್ ವಿಸೋಟ್ಸ್ಕಿ ಇದಕ್ಕೊಂದು ಕಟ್ಟುನಿಟ್ಟಿನ ಪರಿಹಾರ ತಂದರು. ಮಲಗುವ ಹಾದಿಯ ಒಂದು ಹಂತ ದಾಟಿದ ಮೇಲೆ ಎಲ್ಲ ಸಾಧನಗಳ ಬೆಲ್ಲುಗಳನ್ನೂ ಕರ್ನೆಲ್ ತಾನೇ ಬಂದ್ ಮಾಡುತ್ತದೆ. ಆ ಗೆರೆ ದಾಟಿದ ಮೇಲೆ ಯಾವ ಡ್ರೈವರಿನ ಹ್ಯಾಂಡ್ಲರೂ ಓಡುವುದಿಲ್ಲ. ಟೈಮರಿನಂಥ, ಪ್ರೊಸೆಸರುಗಳು ತಮ್ಮತಮ್ಮಲ್ಲೇ ಕರೆದುಕೊಳ್ಳುವ ಸಂಕೇತಗಳಂಥ ಕೆಲವಕ್ಕೆ ಮಾತ್ರ ವಿನಾಯಿತಿ; ಅವಕ್ಕೆ ‘ನೋ ಸಸ್ಪೆಂಡ್’ ಎಂಬ ಗುರುತು. ಅವು ನಿಂತರೆ ಮಲಗಿಸುವ ಕೆಲಸವೇ ಮುಂದೆ ಹೋಗದು.

ಎಲ್ಲರ ಬಾಯನ್ನೂ ಮುಚ್ಚಿಸಿದ ಮೇಲೆ ಎಬ್ಬಿಸುವವರು ಯಾರು? ಇಲ್ಲಿ ಎರಡನೆಯ, ಬೇರೆಯದೇ ಆದ ವ್ಯವಸ್ಥೆ ಇದೆ. ಒಂದು ಸಾಧನಕ್ಕೆ ಎಬ್ಬಿಸುವ ಹಕ್ಕು ಬೇಕಿದ್ದರೆ ಅದರ ಡ್ರೈವರ್ ಆ ಇಂಟರಪ್ಟನ್ನು ‘ವೇಕ್’ ಎಂದು ನೋಂದಾಯಿಸಬೇಕು. ಆಗ ಕರ್ನೆಲ್ ಹಾರ್ಡ್‌ವೇರಿಗೆ, ‘ಈ ತಂತಿಯಲ್ಲಿ ಸದ್ದಾದರೆ ಎಬ್ಬಿಸು, ಉಳಿದದ್ದಕ್ಕೆ ಕಿವಿಗೊಡಬೇಡ’ ಎಂದು ಹೇಳಿಡುತ್ತದೆ. ಅನೇಕ ಚಿಪ್ಪುಗಳಲ್ಲಿ ಮಾಮೂಲು ಇಂಟರಪ್ಟ್ ಕಂಟ್ರೋಲರೇ ಗಾಢ ನಿದ್ದೆಯಲ್ಲಿ ಆರಿಹೋಗಿರುತ್ತದೆ. ಬಾಗಿಲು ಕಾಯಲು ಸದಾ ಎಚ್ಚರವಿರುವ ಪುಟ್ಟದೊಂದು ಸರ್ಕ್ಯೂಟ್ ಪ್ರತ್ಯೇಕವಾಗಿರುತ್ತದೆ. ಕ್ವಾಲ್‌ಕಾಮ್ ಚಿಪ್ಪುಗಳಲ್ಲಿ ಆ ಕಾವಲುಗಾರನ ಹೆಸರು ಪವರ್ ಡೊಮೇನ್ ಕಂಟ್ರೋಲರ್.

‘ನೋ ಸಸ್ಪೆಂಡ್’ ಬೇರೆ, ‘ವೇಕ್’ ಬೇರೆ. ಮೊದಲನೆಯದು ಮಲಗುವ ಗಲಾಟೆಯ ನಡುವೆಯೂ ಹ್ಯಾಂಡ್ಲರ್ ಓಡುತ್ತಿರಲಿ ಎನ್ನುತ್ತದೆ. ಎರಡನೆಯದು ಮಲಗಿದ ಮೇಲೆ ಎಬ್ಬಿಸಲು ಹಕ್ಕು ಕೊಡುತ್ತದೆ. ಮೊದಲನೆಯದಿದ್ದರೆ ಎರಡನೆಯದು ತಾನಾಗಿ ಬರುವುದಿಲ್ಲ. ಕರ್ನೆಲಿನ ಕೈಪಿಡಿ ಇದನ್ನು ಸ್ಪಷ್ಟವಾಗಿ ಬರೆದಿದೆ. ಎರಡನ್ನೂ ಒಂದೇ ಇಂಟರಪ್ಟಿಗೆ ಹಚ್ಚುವುದು ಅನುಮಾನಾಸ್ಪದ ಎಂದೂ ಬರೆದಿದೆ. ಆದರೂ ಡ್ರೈವರ್ ಬರೆಯುವವರಲ್ಲಿ ಒಂದು ವರ್ಗ ಕೈಪಿಡಿ ಓದುವುದನ್ನು ಅವಮಾನವೆಂದು ಭಾವಿಸಿದೆ. ‘ಎಬ್ಬಿಸಿದರೆ ಏಳುತ್ತಿಲ್ಲ’ ಎಂದು ದೂರು ಬಂದರೆ ‘ನೋ ಸಸ್ಪೆಂಡ್’ ಹಚ್ಚು. ತಮ್ಮ ಮೇಜಿನ ಮೇಲಿನ ಬೋರ್ಡು ಎದ್ದರೆ ಕೆಲಸ ಮುಗಿಯಿತು. ಆ ಗುರುತು ಒಬ್ಬರಿಗಲ್ಲ, ಇಡೀ ಲೈನಿಗೆ ಅಂಟುತ್ತದೆ. ಆ ಲೈನಿನಲ್ಲಿರುವ ಇತರ ಪಾಪದ ಡ್ರೈವರುಗಳ ಹ್ಯಾಂಡ್ಲರುಗಳೂ ಮಲಗಿದ ಸಾಧನದ ಮುಂದೆ ಹೋಗಿ ನಿಲ್ಲುತ್ತವೆ. 2009ರಲ್ಲಿ ಮುಚ್ಚಿದ ಗುಂಡಿಯನ್ನು ಮತ್ತೆ ತೋಡಿದ ಹಾಗೆ. ಬೆಂಗಳೂರು, ಹೈದರಾಬಾದಿನ ಚಿಪ್ ಕಂಪನಿಗಳಲ್ಲಿ ಇಂಥ ಡ್ರೈವರುಗಳ ಮೇಲೆ ಕೆಲಸ ಮಾಡುವ ಕನ್ನಡಿಗರು ಕಡಿಮೆಯಿಲ್ಲ. ರಿಲೀಸಿನ ಹಿಂದಿನ ರಾತ್ರಿ ಈ ಅಡ್ಡದಾರಿ ಎಷ್ಟು ಹಿತವಾಗಿ ಕಾಣುತ್ತದೆ ಎಂಬುದು ಅವರಿಗೆ ಹೇಳಿಕೊಡಬೇಕಾದ ವಿಷಯವಲ್ಲ.

ಇದಕ್ಕಿಂತ ಸೂಕ್ಷ್ಮವಾದ ಸಮಸ್ಯೆ ಇನ್ನೊಂದಿತ್ತು, ಅದರ ಸುತ್ತ ನಡೆದ ಜಗಳ ಕರ್ನೆಲ್ ಲೋಕದ ದೊಡ್ಡ ಜಗಳಗಳಲ್ಲೊಂದು. ಫೋನ್ ಮಲಗಲು ನಿರ್ಧರಿಸಿದೆ ಎನ್ನೋಣ. ನಿರ್ಧಾರಕ್ಕೂ ನಿಜವಾದ ನಿದ್ದೆಗೂ ನಡುವೆ ಒಂದು ಸಂದಿ ಇರುತ್ತದೆ. ಆ ಸಂದಿಯಲ್ಲೇ ಕರೆ ಬಂತು. ಇನ್ನೂ ಎಚ್ಚರವಿದ್ದ ಕರ್ನೆಲ್ ಅದನ್ನು ಮಾಮೂಲು ಇಂಟರಪ್ಟಿನಂತೆ ತೆಗೆದುಕೊಂಡು ಸಾಲಿನಲ್ಲಿಟ್ಟಿತು. ಸಾಲನ್ನು ನೋಡಬೇಕಾದ ಪ್ರೋಗ್ರಾಮ್ ಆಗಲೇ ನಿಂತುಹೋಗಿದೆ. ಮಲಗುವ ಕೆಲಸ ತನ್ನ ಪಾಡಿಗೆ ಮುಂದುವರಿದು ಫೋನ್ ಮಲಗಿತು, ಕರೆ ಒಳಗೇ ಉಳಿಯಿತು. ಎಬ್ಬಿಸಬೇಕಾದ ಸಂಕೇತ ಬಂದಾಗಿದೆ, ಇನ್ನು ಬರುವುದಿಲ್ಲ.

ಆಂಡ್ರಾಯ್ಡಿನವರು ಇದಕ್ಕೆ ‘ವೇಕ್‌ಲಾಕ್’ ಎಂಬ ಉಪಾಯ ಮಾಡಿಕೊಂಡಿದ್ದರು. ಆಂಡ್ರಾಯ್ಡ್ ಫೋನಿಗೆ ನಿದ್ದೆಯೇ ಸಹಜ ಸ್ಥಿತಿ. ಯಾರಿಗಾದರೂ ಅದು ಎಚ್ಚರವಾಗಿರಬೇಕಿದ್ದರೆ ಒಂದು ಬೀಗ ಹಿಡಿದುಕೊಂಡಿರಬೇಕು. ಎಲ್ಲ ಬೀಗಗಳೂ ಬಿಟ್ಟ ಗಳಿಗೆಯಲ್ಲಿ ಫೋನ್ ಮಲಗುತ್ತದೆ. 2009ರಲ್ಲಿ ಗೂಗಲಿನ ಆರ್ವೆ ಯೋನೆವೋಗ್ ಈ ಪ್ಯಾಚುಗಳನ್ನು ಮುಖ್ಯ ಕರ್ನೆಲಿಗೆ ಸೇರಿಸಲು ಕಳಿಸಿದರು. 2010ರಲ್ಲಿ ‘ಸಸ್ಪೆಂಡ್ ಬ್ಲಾಕರ್’ ಎಂಬ ಹೆಸರಿನಲ್ಲಿ ಮತ್ತೆ ಕಳಿಸಿದರು. ಕರ್ನೆಲಿನ ಹಿರಿಯರಲ್ಲಿ ಹಲವರು ಒಪ್ಪಲಿಲ್ಲ. ಕೆಟ್ಟದಾಗಿ ಬರೆದ ಒಂದು ಆ್ಯಪ್ ಇಡೀ ಯಂತ್ರದ ನಿದ್ದೆಯನ್ನು ಒತ್ತೆಯಾಗಿಟ್ಟುಕೊಳ್ಳಬಹುದು ಎಂಬುದು ಒಂದು ಆಕ್ಷೇಪ. ಈ ಬೀಗಗಳು ಪ್ರತಿ ಡ್ರೈವರಿನಲ್ಲೂ ಹುಲ್ಲಿನಂತೆ ಹಬ್ಬುತ್ತವೆ ಎಂಬುದು ಇನ್ನೊಂದು. ಎರಡೂ ನಿಜವೇ. ಆದರೆ ಕೋಟಿಗಟ್ಟಲೆ ಜನರ ಜೇಬಿಗೆ ಹೋಗುತ್ತಿದ್ದ ಫೋನಿನ ನಿಜವಾದ ತೊಂದರೆಯನ್ನು ‘ನಿಮ್ಮ ಯೋಚನೆಯೇ ಸರಿಯಿಲ್ಲ’ ಎಂದು ತಳ್ಳಿಹಾಕುವ ಗತ್ತೂ ಆ ವಾದದಲ್ಲಿ ಬೇಕಾದಷ್ಟಿತ್ತು.

ಜಗಳದ ಫಲ ಮಾತ್ರ ಒಳ್ಳೆಯದೇ ಆಯಿತು. 2010ರಲ್ಲೇ ವಿಸೋಟ್ಸ್ಕಿ ‘ವೇಕಪ್ ಕೌಂಟ್’ ಎಂಬ ಸರಳ ಲೆಕ್ಕ ತಂದರು. ಅಪಾರ್ಟ್‌ಮೆಂಟಿನ ವಾಚ್‌ಮನ್ ಬಂದವರನ್ನೆಲ್ಲ ಒಂದು ರಿಜಿಸ್ಟರಿನಲ್ಲಿ ಬರೆಯುತ್ತಾನೆ ಎಂದುಕೊಳ್ಳಬೇಕು. ಮಲಗುವ ಮುಂಚೆ ರಿಜಿಸ್ಟರಿನ ಕೊನೆಯ ಸಂಖ್ಯೆ ನೋಡಿಕೊಳ್ಳುವುದು. ಮನೆಗೆಲಸ ಮುಗಿಸಿ, ‘ಸಂಖ್ಯೆ ಇನ್ನೂ ಇಷ್ಟೇ ಇದ್ದರೆ ಮಲಗುತ್ತೇನೆ’ ಎಂದು ಹೇಳುವುದು. ನಡುವೆ ಯಾರಾದರೂ ಬಂದಿದ್ದರೆ ಸಂಖ್ಯೆ ಹೊಂದುವುದಿಲ್ಲ, ಮಲಗುವ ಅಪ್ಪಣೆ ಬಿದ್ದುಹೋಗುತ್ತದೆ. ಹೊಂದಿದರೂ, ಆಮೇಲೆ ಮಲಗುವ ಹಾದಿಯಲ್ಲಿ ಯಾರಾದರೂ ಬಂದರೆ ಕರ್ನೆಲ್ ಅರ್ಧದಲ್ಲೇ ವಾಪಸು ಬರುತ್ತದೆ. 2012ರ 3.5ನೇ ಆವೃತ್ತಿಯಲ್ಲಿ ಆಂಡ್ರಾಯ್ಡ್ ಕೇಳಿದ್ದ ಸೌಲಭ್ಯ ಬೇರೆ ಹೆಸರಿನಲ್ಲಿ, ಬೇರೆ ಅಂಗಿ ತೊಟ್ಟು ಒಳಗೆ ಬಂತು. ಬಂದ ಘಟನೆಯನ್ನು ಪ್ರೋಗ್ರಾಮ್ ಕೈಗೆತ್ತಿಕೊಳ್ಳುವವರೆಗೂ ಎಚ್ಚರವಿರಿಸುವ ಸೌಕರ್ಯವೂ ಅದೇ ಆವೃತ್ತಿಯಲ್ಲಿ ಬಂತು. ಬರೆದವರು ಅದೇ ಯೋನೆವೋಗ್.

ಕೊನೆಯ ಬಿಲ ಮುಚ್ಚಿದ್ದು 2014ರಲ್ಲಿ. ಇಂಟರಪ್ಟ್ ವಿಭಾಗದ ಥಾಮಸ್ ಗ್ಲೈಕ್ಸ್ನರ್ ಮತ್ತು ವಿಸೋಟ್ಸ್ಕಿ ಸೇರಿ, ಎಲ್ಲ ಬೆಲ್ಲುಗಳನ್ನು ಬಂದ್ ಮಾಡಿದ ಮೇಲೂ ‘ವೇಕ್’ ಎಂದು ನೋಂದಾಯಿಸಿದ ಇಂಟರಪ್ಟ್ ಬಂದರೆ ಏನಾಗಬೇಕು ಎಂಬುದನ್ನು ಖಚಿತಗೊಳಿಸಿದರು. ಅದರ ಹ್ಯಾಂಡ್ಲರ್ ಆಗ ಓಡುವುದಿಲ್ಲ, ಏಕೆಂದರೆ ಸಾಧನ ಮಲಗಿದೆ. ಆದರೆ ಬಂದದ್ದು ಕಳೆದುಹೋಗುವುದೂ ಇಲ್ಲ. ಕರ್ನೆಲ್ ಅದನ್ನು ಬಾಕಿ ಎಂದು ಬರೆದಿಟ್ಟು, ಆ ಲೈನನ್ನು ಆ ಹೊತ್ತಿಗೆ ಮುಚ್ಚಿ, ನಿದ್ದೆಯನ್ನು ರದ್ದು ಮಾಡುತ್ತದೆ. ಸಾಧನಗಳೆಲ್ಲ ಎದ್ದ ಮೇಲೆ ಬಾಕಿ ಹ್ಯಾಂಡ್ಲರ್ ಓಡುತ್ತದೆ. ಹಕ್ಕಿಲ್ಲದವರಿಗೆ ಬಾಗಿಲು ಮುಚ್ಚಿದೆ, ಹಕ್ಕಿದ್ದವರ ಕರೆ ತಪ್ಪುವುದಿಲ್ಲ.

ಹಕ್ಕು ಯಾರಿಗೆ ಎಂಬ ಬಗ್ಗೆಯೂ ಕೈಪಿಡಿಯಲ್ಲಿ ನಿಲುವಿದೆ, ಈ ಬರಹದ ಮಟ್ಟಿಗೆ ಮುಖ್ಯವಾದ ಮಾತು ಅದೇ. ಬಹುಪಾಲು ಸಾಧನಗಳಿಗೆ ಎಬ್ಬಿಸುವ ಹಕ್ಕು ಆರಂಭದಲ್ಲಿ ಇರಕೂಡದು. ಪವರ್ ಬಟನ್, ಕೀಬೋರ್ಡ್, ಬಳಸುವವರೇ ಕೇಳಿ ಹಾಕಿಸಿಕೊಂಡ ನೆಟ್‌ವರ್ಕ್ ಕಾರ್ಡು ಇವು ಮುಖ್ಯ ಅಪವಾದಗಳು. ಉಳಿದವರಿಗೆ ಬೇಕಿದ್ದರೆ ಯಂತ್ರದ ಒಡೆಯ ಪ್ರತಿ ಸಾಧನದ ಹೆಸರಿನಲ್ಲಿರುವ ಪುಟ್ಟ ಕಡತದಲ್ಲಿ ‘ಎನೇಬಲ್ಡ್’ ಎಂದು ತಾನೇ ಬರೆಯಬಹುದು, ‘ಡಿಸೇಬಲ್ಡ್’ ಎಂದು ಅಳಿಸಬಹುದು. ಎಬ್ಬಿಸುವ ಹಕ್ಕನ್ನು ಒಡೆಯ ಕೊಡಬೇಕು, ಒಡೆಯ ಕಿತ್ತುಕೊಳ್ಳಬಹುದು. ಇಷ್ಟು ಸ್ಪಷ್ಟವಾದ ನಿಯಮ ಇಟ್ಟುಕೊಂಡೂ ಚೀಲದೊಳಗೆ ಲ್ಯಾಪ್‌ಟಾಪ್ ಏಕೆ ಏಳುತ್ತದೆ?

ನಿದ್ದೆ ಎಂಬ ಪದದ ಅರ್ಥವನ್ನೇ ಬದಲಿಸಿಬಿಟ್ಟದ್ದರಿಂದ. ಹಳೆಯ ಲ್ಯಾಪ್‌ಟಾಪುಗಳು ಮಲಗುತ್ತಿದ್ದ ಸ್ಥಿತಿಗೆ ಎಸ್3 ಎಂದು ಹೆಸರು. ಇಂಟೆಲ್, ಮೈಕ್ರೋಸಾಫ್ಟ್, ತೋಶಿಬಾ ಸೇರಿ 1996ರಲ್ಲಿ ಹೊರತಂದ ಎಸಿಪಿಐ ನಿಯಮಾವಳಿಯಲ್ಲಿ ಬಂದದ್ದು. ಅದರಲ್ಲಿ ಪ್ರೊಸೆಸರಿಗೆ ವಿದ್ಯುತ್ತೇ ಇರುವುದಿಲ್ಲ. ಮೆಮೊರಿಗೆ ಮಾತ್ರ ನೆನಪು ಉಳಿಯುವಷ್ಟು ಜೀವ. ಎಬ್ಬಿಸುವ ಕೆಲಸ ಪೂರ್ತಿ ಹಾರ್ಡ್‌ವೇರಿನ ಕಾವಲುಗಾರನದು. ಮೈಕ್ರೋಸಾಫ್ಟ್ 2012ರಲ್ಲಿ ವಿಂಡೋಸ್ 8ರ ಜೊತೆ ‘ಕನೆಕ್ಟೆಡ್ ಸ್ಟ್ಯಾಂಡ್‌ಬೈ’ ಎಂಬುದನ್ನು ತಂದಿತು. ವಿಂಡೋಸ್ 10ರಲ್ಲಿ ಅದು ‘ಮಾಡರ್ನ್ ಸ್ಟ್ಯಾಂಡ್‌ಬೈ’ ಆಯಿತು. ಲ್ಯಾಪ್‌ಟಾಪ್ ಕೂಡ ಫೋನಿನ ಹಾಗೆ ಮುಚ್ಚಿದ್ದಾಗಲೂ ಮೇಲ್ ತರಿಸಿಕೊಳ್ಳುತ್ತಿರಲಿ, ತೆರೆದ ಕೂಡಲೇ ಬೆಳಗಲಿ ಎಂಬುದು ಆಸೆ. ಇದರಲ್ಲಿ ಯಂತ್ರ ಎಸ್0 ಎಂಬ ಎಚ್ಚರದ ಸ್ಥಿತಿಯನ್ನು ಬಿಟ್ಟು ಹೋಗುವುದೇ ಇಲ್ಲ. ಕೆಲಸವಿಲ್ಲದೆ ಆಳವಾಗಿ ತೂಕಡಿಸುತ್ತದೆ ಅಷ್ಟೆ. ಲಿನಕ್ಸಿನಲ್ಲಿ ಇದಕ್ಕೆ ಸರಿಹೊಂದುವ ‘ಸಸ್ಪೆಂಡ್ ಟು ಐಡಲ್’ 2013ರ ಸುಮಾರಿಗೆ ಬಂತು. ನಿದ್ದೆ ಮಾಡುವವನನ್ನು ಎಬ್ಬಿಸಬಹುದು, ನಿದ್ದೆ ಬಂದಂತೆ ನಟಿಸುವವನನ್ನು ಎಬ್ಬಿಸಲಾಗದು ಎಂಬ ಗಾದೆ ಮಾತಿದೆ. ಇಲ್ಲಿ ಅದು ತಿರುಗುಮುರುಗು: ನಿದ್ದೆ ನಟಿಸುವವನು ಎಲ್ಲದಕ್ಕೂ ಏಳುತ್ತಾನೆ.

ತೂಕಡಿಸುತ್ತಿರುವ ಪ್ರೊಸೆಸರನ್ನು ಎಬ್ಬಿಸಲು ಬಾಕಿ ಉಳಿದ ಯಾವ ಇಂಟರಪ್ಟಾದರೂ ಸಾಕು. ಹಾಗಾಗಿ ಕಾವಲಿನ ಕೆಲಸ ಹಾರ್ಡ್‌ವೇರಿನಿಂದ ಕರ್ನೆಲಿನ ಹೆಗಲಿಗೆ ಬಂತು. ಅದರಲ್ಲೂ ಪಿಸಿಗಳಲ್ಲಿ 9ನೇ ಇಂಟರಪ್ಟ್ ಎಂಬುದೊಂದು ಇದೆ. ಎಸಿಪಿಐನ ಸಕಲ ಸಮಾಚಾರವೂ ಆ ಒಂದೇ ಬಾಗಿಲಿನಿಂದ ಬರುತ್ತದೆ. ಅದರ ಹಿಂದೆ ಕೂತಿರುವುದು ಎಂಬೆಡೆಡ್ ಕಂಟ್ರೋಲರ್ ಎಂಬ ಪುಟ್ಟ ಚಿಪ್. ಮುಚ್ಚಳ ತೆರೆದರೂ ಅದು ಹೇಳುವುದು ಅಲ್ಲಿಂದಲೇ, ಚಾರ್ಜರ್ ಕಿತ್ತರೂ ಅಲ್ಲಿಂದಲೇ, ಬ್ಯಾಟರಿಯ ಮಟ್ಟ ಒಂದಿಷ್ಟು ಇಳಿದರೂ ಅಲ್ಲಿಂದಲೇ. ಮುಚ್ಚಳ ತೆರೆದದ್ದು ಗೊತ್ತಾಗಬೇಕು, ಆದ್ದರಿಂದ 9ಕ್ಕೆ ಎಬ್ಬಿಸುವ ಹಕ್ಕು ಕೊಡಲೇಬೇಕು. ಕೊಟ್ಟರೆ ಬ್ಯಾಟರಿಯ ವರದಿಗೂ ಅದೇ ಹಕ್ಕು ಸಿಕ್ಕಂತೆ. ಕರ್ನೆಲ್ ಪ್ರತಿ ಸಲವೂ ಅರೆಗಣ್ಣು ತೆರೆದು ಕಂಟ್ರೋಲರನ್ನು ‘ಏನಾಯಿತು?’ ಎಂದು ಕೇಳಿ, ‘ಏನಿಲ್ಲ, ಸುಮ್ಮನೆ’ ಎಂದರೆ ಮತ್ತೆ ಮಲಗುವ ಒಂದು ಲೂಪನ್ನು ಬರೆದುಕೊಂಡಿದೆ. ಹೆಸರಿಟ್ಟು ಕೊಡಬೇಕಾದ ಹಕ್ಕನ್ನು ಸಗಟಾಗಿ ಕೊಟ್ಟು, ಆಮೇಲೆ ಒಬ್ಬೊಬ್ಬರನ್ನೇ ವಿಚಾರಿಸಿ ವಾಪಸು ಕಳಿಸುವ ಪಾಡು ಇದು.

ಈ ಪಾಡು ಎಲ್ಲಿಗೆ ಮುಟ್ಟಿತು ಎಂಬುದಕ್ಕೆ 2023ರಲ್ಲಿ ಎಎಮ್‌ಡಿಯವರೇ ಕರ್ನೆಲಿಗೆ ಕಳಿಸಿದ ಒಂದು ತಿದ್ದುಪಡಿ ಸಾಕ್ಷಿ. ರೆನ್ವಾ, ಸೆಜಾನ್ ಎಂದು ಫ್ರೆಂಚ್ ಚಿತ್ರಕಾರರ ಹೆಸರಿಟ್ಟ ಎರಡು ಪೀಳಿಗೆಯ ಚಿಪ್ಪುಗಳಿದ್ದ ಲ್ಯಾಪ್‌ಟಾಪುಗಳು ಕಾರಣವಿಲ್ಲದೆ ಏಳುತ್ತಿದ್ದವು. ಮಲಗಿಸಿ ಚಾರ್ಜರ್ ಕಿತ್ತರೆ ಸಾಕು. ಚಾರ್ಜರ್ ಕಿತ್ತದ್ದಕ್ಕೆ 9 ಬಾರಿಸುವುದು ಸರಿಯೇ; ಕರ್ನೆಲ್ ವಿಚಾರಿಸಿ ಮತ್ತೆ ಮಲಗುತ್ತಿತ್ತು. ಆದರೆ ಅದರ ಜೊತೆಗೆ 1ನೇ ಇಂಟರಪ್ಟೂ ಬಾರಿಸುತ್ತಿತ್ತು. 1 ಎಂದರೆ ಕೀಬೋರ್ಡು. ಯಾರೂ ಕೀಲಿ ಮುಟ್ಟಿರಲಿಲ್ಲ. ಕೀಬೋರ್ಡಿಗೆ ಎಬ್ಬಿಸುವ ಹಕ್ಕಿದೆ, ಆದ್ದರಿಂದ ಕರ್ನೆಲ್ ನಂಬಿ ಎದ್ದಿತು. ತಪ್ಪು ಫರ್ಮ್‌ವೇರಿನದು ಎಂದು ತಿದ್ದುಪಡಿಯ ಟಿಪ್ಪಣಿಯೇ ಒಪ್ಪಿಕೊಂಡಿದೆ. ಅದೇ ಟಿಪ್ಪಣಿಯಲ್ಲಿ ಇನ್ನೊಂದು ಮಾತಿದೆ: ವಿಂಡೋಸಿನಲ್ಲೂ ಇದು ಆಗುತ್ತದೆ. ಆದರೆ ಅಲ್ಲಿ ಹಾರ್ಡ್‌ವೇರ್ ಎದ್ದರೂ ಸಾಫ್ಟ್‌ವೇರ್ ನಿದ್ದೆಯ ವೇಷದಲ್ಲೇ ಇದ್ದು, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಮಲಗುತ್ತದೆ.

ಒಂದೇ ಫರ್ಮ್‌ವೇರಿನ ಒಂದೇ ಸುಳ್ಳು. ಒಂದು ಕಡೆ ಅದು ಕಪ್ಪು ಪರದೆಯ ಹಿಂದೆ ಮುಚ್ಚಿಹೋಯಿತು, ಬಳಸುವವರಿಗೆ ಗೊತ್ತೇ ಆಗಲಿಲ್ಲ. ಇನ್ನೊಂದು ಕಡೆ ಯಂತ್ರ ಎದ್ದು ಕೂತು ಸಿಕ್ಕಿಬಿತ್ತು. ಹೆಸರು ಕೆಟ್ಟದ್ದು ಯಾರದು? ‘ಲಿನಕ್ಸಿನಲ್ಲಿ ಸ್ಲೀಪ್ ಸರಿಯಿಲ್ಲ’ ಎಂಬ ಮಾತು ಹೀಗೆ ಹುಟ್ಟುತ್ತದೆ. ಇನ್ನು ಪರಿಹಾರ: ದೋಷವಿರುವ ಫರ್ಮ್‌ವೇರಿನ ಆ ಯಂತ್ರಗಳಲ್ಲಿ ಕೀಬೋರ್ಡಿನಿಂದ ಎಬ್ಬಿಸುವ ಹಕ್ಕನ್ನೇ ತೆಗೆದುಹಾಕಿದರು. ಫರ್ಮ್‌ವೇರ್ ಸುಳ್ಳು ಹೇಳಿದ್ದಕ್ಕೆ ಕೀಲಿ ಒತ್ತಿ ಎಬ್ಬಿಸುವ ಸೌಕರ್ಯ ಕಳೆದುಕೊಂಡದ್ದು ದುಡ್ಡು ಕೊಟ್ಟು ಕೊಂಡವರು. ಬೇರೆ ದಾರಿ ಕರ್ನೆಲಿಗೂ ಇರಲಿಲ್ಲ.

ಹೊಸ ಪದ್ಧತಿಯ ಪರವಾಗಿಯೂ ಹೇಳುವುದಿದೆ. ಎಸ್3 ಸ್ವರ್ಗವೇನಾಗಿರಲಿಲ್ಲ. ಏಳುವಾಗ ನಿಯಂತ್ರಣ ಮೊದಲು ಫರ್ಮ್‌ವೇರಿಗೆ ಹೋಗುತ್ತಿತ್ತು, ಅಲ್ಲಿ ಏನು ನಡೆಯುತ್ತದೆ ಎಂದು ಹೊರಗಿನವರಿಗೆ ಕಾಣುತ್ತಿರಲಿಲ್ಲ. ಎದ್ದ ಮೇಲೆ ಪರದೆ ಬಾರದ, ಸೌಂಡ್ ಬಾರದ ಲ್ಯಾಪ್‌ಟಾಪುಗಳ ಕಾಲವನ್ನು ಹಳಬರು ಮರೆತಿಲ್ಲ. ಅದಕ್ಕಿಂತ ಎಲ್ಲವನ್ನೂ ಕರ್ನೆಲಿನ ಕಣ್ಣೆದುರಿಗೇ ಇಟ್ಟುಕೊಳ್ಳುವುದು ಮೇಲು ಎಂಬ ವಾದದಲ್ಲಿ ಹುರುಳಿದೆ. ಏಳುವುದಂತೂ ನಿಜಕ್ಕೂ ಬೇಗ. ‘ಫೋನಿನಲ್ಲಿ ಇಷ್ಟು ಚೆನ್ನಾಗಿ ನಡೆಯುವುದು ಲ್ಯಾಪ್‌ಟಾಪಿನಲ್ಲಿ ಏಕೆ ನಡೆಯಬಾರದು’ ಎಂದೂ ಕೇಳುತ್ತಾರೆ.

ಫೋನಿನಲ್ಲಿ ನಡೆಯುವುದಕ್ಕೆ ಕಾರಣ ಅದು ಪುಟ್ಟದಾಗಿರುವುದಲ್ಲ. ಫೋನಿನಲ್ಲಿ ಚಿಪ್ಪು, ಫರ್ಮ್‌ವೇರು, ಕರ್ನೆಲ್ಲು, ಡ್ರೈವರು ಎಲ್ಲವನ್ನೂ ಒಂದು ತಂಡ ಒಟ್ಟಿಗೆ ಕೂಡಿಸಿ, ರಾತ್ರಿಯಿಡೀ ಬ್ಯಾಟರಿ ಎಷ್ಟು ಇಳಿಯಿತು ಎಂದು ಅಳೆದು, ಎಬ್ಬಿಸಿದವರನ್ನು ಹೆಸರು ಹಿಡಿದು ಪತ್ತೆಹಚ್ಚಿ ಮಾರುಕಟ್ಟೆಗೆ ಬಿಡುತ್ತದೆ. ಆ ವೇಕ್‌ಲಾಕ್ ಜಗಳ ಹುಟ್ಟಿದ್ದೇ ಅಂಥ ಕಾಳಜಿಯಿಂದ. ಲ್ಯಾಪ್‌ಟಾಪ್ ಎಂಬುದು ಹತ್ತು ಕಂಪನಿಗಳ ಬಿಡಿಭಾಗಗಳನ್ನು ಕೂಡಿಸಿದ ಸಂತೆ. ಅದರಲ್ಲೊಂದು ಬಿಡಿಭಾಗ ಪೂರ್ತಿ ಮಲಗದಿದ್ದರೆ ಸಾಕು, ಯಾರೂ ಎಬ್ಬಿಸದಿದ್ದರೂ ಚಿಪ್ ತನ್ನ ಆಳದ ನಿದ್ದೆಗೆ ಇಳಿಯುವುದೇ ಇಲ್ಲ. ಆ ಶಿಸ್ತು ಇಲ್ಲದೆ ಫೋನಿನ ನಿದ್ದೆಯನ್ನು ಮಾತ್ರ ತಂದು ಅಂಟಿಸಿದರು.

ಅಂಟಿಸಿದ್ದೇ ಅಪರಾಧವಲ್ಲ, ಹಳೆಯದನ್ನು ಕಿತ್ತುಹಾಕಿದ್ದು ಅಪರಾಧ. ಮಾಡರ್ನ್ ಸ್ಟ್ಯಾಂಡ್‌ಬೈ ಇರುವ ಯಂತ್ರದಲ್ಲಿ ವಿಂಡೋಸ್ ಎಸ್3 ಬಳಸುವುದಿಲ್ಲ. ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ವಿಂಡೋಸನ್ನು ಹೊಸದಾಗಿ ಇನ್‌ಸ್ಟಾಲ್ ಮಾಡಬೇಕು ಎನ್ನುತ್ತದೆ ಮೈಕ್ರೋಸಾಫ್ಟಿನದೇ ದಾಖಲೆ. ಹಾಗಾಗಿ ತಯಾರಕರು ಫರ್ಮ್‌ವೇರಿನಿಂದ ಎಸ್3ಯನ್ನೇ ಬಿಡುತ್ತ ಬಂದರು. ಇದು ತಾಂತ್ರಿಕ ಅನಿವಾರ್ಯವಾಗಿರಲಿಲ್ಲ ಎಂಬುದಕ್ಕೆ ಲೆನೊವೊದ ಥಿಂಕ್‌ಪ್ಯಾಡ್ ಎಕ್ಸ್1 ಕಾರ್ಬನ್ ಆರನೇ ಪೀಳಿಗೆಯ ಕತೆ ನೋಡಬೇಕು. 2018ರಲ್ಲಿ ಅದು ಎಸ್3 ಇಲ್ಲದೆ ಬಂತು. ಬಳಸುವವರು ಸುಮ್ಮನಿರಲಿಲ್ಲ, ಫರ್ಮ್‌ವೇರ್ ಕೊಡುವ ಎಸಿಪಿಐ ಪಟ್ಟಿಯನ್ನೇ ಕೈಯಾರೆ ತಿದ್ದಿ ಎಸ್3 ಮರಳಿ ತಂದುಕೊಂಡರು. ಅದೇ ವರ್ಷ ಲೆನೊವೊ ಒಂದು ಫರ್ಮ್‌ವೇರ್ ಅಪ್‌ಡೇಟ್ ಕೊಟ್ಟಿತು, ಅದರಲ್ಲಿ ‘ಸ್ಲೀಪ್ ಸ್ಟೇಟ್’ ಎಂಬ ಹೊಸ ಆಯ್ಕೆ. ಹಾರ್ಡ್‌ವೇರಿಗೆ ಎಸ್3 ಗೊತ್ತಿತ್ತು, ಹೇಳಬಾರದೆಂದು ಬಾಯಿ ಕಟ್ಟಿದ್ದರು ಅಷ್ಟೆ. ಆ ಆಯ್ಕೆಗೆ ಇಟ್ಟ ಹೆಸರುಗಳಂತೂ ಸೊಗಸು: ಒಂದು ‘ವಿಂಡೋಸ್ 10’, ಇನ್ನೊಂದು ‘ಲಿನಕ್ಸ್’. ಕಣ್ತುಂಬ ನಿದ್ದೆ ಮಾಡುವುದು ಲಿನಕ್ಸ್ ಬಳಸುವವರ ಖಯಾಲಿ ಎಂಬಂತೆ.

ಆ ಆಯ್ಕೆ ಎಲ್ಲ ಲ್ಯಾಪ್‌ಟಾಪುಗಳಲ್ಲೂ ಇರಬೇಕು, ಲಿನಕ್ಸ್ ಎಂಬ ಹೆಸರಿನಲ್ಲಲ್ಲ, ನಿದ್ದೆ ಎಂಬ ಹೆಸರಿನಲ್ಲಿ. ಚಿಪ್ಪಿನಲ್ಲೇ ಎಸ್3 ಇಲ್ಲದ ಯಂತ್ರವಾದರೆ ಅದನ್ನು ಪೆಟ್ಟಿಗೆಯ ಮೇಲೆ ಬರೆದು ಮಾರಬೇಕು. ಬ್ಯಾಟರಿ ಎಷ್ಟು ಗಂಟೆ ಬರುತ್ತದೆ ಎಂದು ಬರೆಯುವ ಜಾಗದಲ್ಲೇ, ಮುಚ್ಚಿಟ್ಟರೆ ಎಷ್ಟು ದಿನ ಬರುತ್ತದೆ ಎಂದೂ ಬರೆಯಲಿ. ಮುಚ್ಚಳ ಮುಚ್ಚಿದ್ದಾಗ, ಚಾರ್ಜರ್ ಇಲ್ಲದಾಗ, ಮುಚ್ಚಳ ಮತ್ತು ಪವರ್ ಬಟನ್ ಬಿಟ್ಟು ಇನ್ಯಾರಿಗೂ ಎಬ್ಬಿಸುವ ಹಕ್ಕು ಇರಕೂಡದು. ಚೀಲದೊಳಗಿನ ಲ್ಯಾಪ್‌ಟಾಪಿಗೆ ಮೇಲ್ ಬಂದು ಆಗಬೇಕಾದ್ದೇನೂ ಇಲ್ಲ. ಅದೇ ಮೇಲ್ ಜೇಬಿನ ಫೋನಿಗೆ ಆಗಲೇ ಬಂದಿರುತ್ತದೆ. ಅಪ್‌ಡೇಟಿಗೆ ಎದ್ದೇ ತೀರಬೇಕು ಎನ್ನುವವರು ಚಾರ್ಜರ್ ಸಿಕ್ಕಿಸುವವರೆಗೆ ಕಾಯಲಿ.

ಎಬ್ಬಿಸಿದವರು ಯಾರು ಎಂದು ಬಳಸುವವರಿಗೆ ಅರ್ಥವಾಗುವ ಮಾತಿನಲ್ಲಿ ಹೇಳಲೂ ಬೇಕು. ವಿಂಡೋಸಿನಲ್ಲಿ ಪವರ್‌ಸಿಎಫ್‌ಜಿ ಎಂಬ ಆಜ್ಞೆಗೆ ‘ಲಾಸ್ಟ್‌ವೇಕ್’ ಎಂದು ಸೇರಿಸಿದರೆ ಕೊನೆಯ ಸಲ ಎಬ್ಬಿಸಿದವರ ವಿವರ ಕೇಳಬಹುದು, ‘ಸ್ಲೀಪ್‌ಸ್ಟಡಿ’ ಎಂದರೆ ರಾತ್ರಿಯ ಪೂರ್ತಿ ವರದಿ ಬರುತ್ತದೆ. ಇಂಥದ್ದೊಂದು ಇದೆ ಎಂದು ಕೊಂಡವರಲ್ಲಿ ಎಷ್ಟು ಜನಕ್ಕೆ ಗೊತ್ತು? ಲಿನಕ್ಸಿನ ಮಂದಿಯೂ ಇಲ್ಲಿ ಎದೆ ತಟ್ಟಿಕೊಳ್ಳುವಂತಿಲ್ಲ. ಅಲ್ಲಿ ಎಬ್ಬಿಸಿದ ಇಂಟರಪ್ಟಿನ ಸಂಖ್ಯೆ ತೋರಿಸುವ ‘ಪಿಎಂ ವೇಕಪ್ ಐಆರ್‌ಕ್ಯೂ’ ಎಂಬ ಕಡತವಿದೆ. ಅದನ್ನು ತೆರೆದರೆ ಸಿಗುವುದು ಬರೀ ಒಂದು ಅಂಕಿ, ಅದು 9 ಆಗಿದ್ದರೆ ಮುಚ್ಚಳವೋ ಚಾರ್ಜರೋ ಬ್ಯಾಟರಿಯೋ ಎಂದು ತಿಳಿಯಲು ಮತ್ತೆ ಡೀಬಗ್ ಸಂದೇಶಗಳನ್ನು ಆನ್ ಮಾಡಿ, ಇನ್ನೊಂದು ರಾತ್ರಿ ಮಲಗಿಸಿ, ಬೆಳಗ್ಗೆ ಲಾಗ್ ಕೆದಕಬೇಕು. ಎಂಬೆಡೆಡ್ ಕಂಟ್ರೋಲರಿನ ಯಾವ ಸಂಖ್ಯೆಯ ಘಟನೆ ಏನನ್ನು ಸೂಚಿಸುತ್ತದೆ ಎಂಬುದು ಆ ಯಂತ್ರ ಮಾಡಿದವರಿಗೆ ಗೊತ್ತು. ಅದನ್ನು ಒಂದು ಪುಟದಲ್ಲಿ ಬರೆದು ಹೊರಗಿಟ್ಟರೆ, ಉಳಿದ ಕೆಲಸವನ್ನು ಯಾರಾದರೂ ಎರಡು ವಾರಾಂತ್ಯದಲ್ಲಿ ಬರೆದು ಮುಗಿಸಿಯಾರು.